ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಮೂತ್ರದ ಮಾರ್ಕರ್ ಪರೀಕ್ಷೆ: ಯಾವಾಗ ಬೇಕು, ಹೇಗೆ ಮಾಡಿಸಬೇಕು

"ಅಪ್ಪಾರಿಗೆ ಪಿಎಸ್‌ಎ 6 ಬಂದೈತ್ರೀ. ಬಯಾಪ್ಸಿ ಅಂದ್ರ ಅಂಜತಾರ. ಬರೇ ಉಚ್ಚಿ ಪರೀಕ್ಷಾದಾಗ ಗೊತ್ತಾಗಂಗಿಲ್ಲೇನ್ರೀ?"

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಪಿಎಸ್‌ಎ ಅಂದರೆ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಒಂದು ರಕ್ತ ಪರೀಕ್ಷೆ. ಬಯಾಪ್ಸಿ ಅಂದರೆ ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ಪರೀಕ್ಷಿಸುವುದು. ಕೇಳುವವರು ಹೆಚ್ಚಾಗಿ ಮಕ್ಕಳು, ಸೊಸೆಯಂದಿರು. ಅಪ್ಪ ಬಾಯಿ ಬಿಡುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದರೂ "ವಯಸ್ಸಾತು, ಹಂಗ ಆಕ್ಕೈತಿ" ಅಂತ ಸುಮ್ಮನಾಗುತ್ತಾರೆ. ಹಾಗಾಗಿ ಇದನ್ನು ಮನೆಯವರೂ ಓದಿ ಅನುಸರಿಸುವಂತೆ ಬರೆದಿದ್ದೇನೆ.

ಮೊದಲಿಗೆ ಉತ್ತರ. ಮೂತ್ರದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಹುಡುಕುವ ಪರೀಕ್ಷೆಗಳು ನಿಜಕ್ಕೂ ಇವೆ. ಆದರೆ ಅವು ಉತ್ತರಿಸುವ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ಈಗ ಬಯಾಪ್ಸಿ ಬೇಕಾ, ಸ್ವಲ್ಪ ಕಾಯಬಹುದಾ? ಕ್ಯಾನ್ಸರ್ ಇದೆ ಅಂತ ಖಚಿತಪಡಿಸುವುದು ಬಯಾಪ್ಸಿ ಮಾತ್ರ. ಅದಕ್ಕೂ ಮೊದಲು ಮಾಡಬೇಕಾದ ಕೆಲವು ಕೆಲಸಗಳಿವೆ. ಅವನ್ನು ಬಿಟ್ಟು ನೇರವಾಗಿ ಮಾರ್ಕರ್ ಪರೀಕ್ಷೆಗೆ ದುಡ್ಡು ಕಟ್ಟಿದರೆ ಕೈಗೆ ಬರುವ ಸಂಖ್ಯೆಯಿಂದ ಯಾರಿಗೂ ಉಪಯೋಗ ಆಗುವುದಿಲ್ಲ.

ಮೂತ್ರದಲ್ಲಿ ಸುಳಿವು ಹೇಗೆ ಸಿಗುತ್ತದೆ?

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಚೀಲದ ಕೆಳಗೆ, ಗುದನಾಳದ ಮುಂದೆ ಇರುತ್ತದೆ. ಮಣಿಯೊಳಗೆ ದಾರ ಪೋಣಿಸಿದ ಹಾಗೆ ಮೂತ್ರನಾಳ ಇದರ ನಡುವೆಯೇ ಹಾದುಹೋಗುತ್ತದೆ. ಅದಕ್ಕೇ ಗ್ರಂಥಿ ದಪ್ಪಗಾದರೆ ಮೂತ್ರದ ಧಾರೆ ಸಣ್ಣಗಾಗುತ್ತದೆ. ಅದೇ ಕಾರಣಕ್ಕೆ ಗ್ರಂಥಿಯ ದ್ರವ ಮತ್ತು ಉದುರಿದ ಜೀವಕೋಶಗಳು ಸಣ್ಣ ನಾಳಗಳ ಮೂಲಕ ಮೂತ್ರನಾಳಕ್ಕೆ ಬಂದು, ಮೂತ್ರದ ಜೊತೆ ಹೊರಬರುತ್ತವೆ. ಆ ಕೋಶಗಳಲ್ಲಿರುವ ಆರ್‌ಎನ್‌ಎ, ಅಂದರೆ ಜೀನ್‌ಗಳು ಕೆಲಸ ಮಾಡುವಾಗ ತಯಾರಾಗುವ ನಕಲು ಪ್ರತಿಯನ್ನು ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಜೀನ್‌ಗಳ ಪ್ರತಿ ವಿಪರೀತ ಜಾಸ್ತಿ ಇರುತ್ತದೆ. ಅಂಥದ್ದಕ್ಕೆ ಮಾರ್ಕರ್ ಅನ್ನುತ್ತಾರೆ.

ಎಚ್ಚರ: ಊರಿನ ಲ್ಯಾಬ್‌ನಲ್ಲಿ ಮಾಡುವ 'ಯೂರಿನ್ ರೂಟೀನ್' ಪರೀಕ್ಷೆ ಇದಲ್ಲ. ಅದರಲ್ಲಿ ಸಕ್ಕರೆ, ಪ್ರೋಟೀನ್, ಕೀವುಕೋಶ, ರಕ್ತಕಣ ನೋಡುತ್ತಾರೆ. ಯೂರಿನ್ ಕಲ್ಚರ್‌ನಲ್ಲಿ ಸೋಂಕಿನ ರೋಗಾಣು ನೋಡುತ್ತಾರೆ. ಇವೆರಡೂ ನಾರ್ಮಲ್ ಬಂದರೆ ಪ್ರಾಸ್ಟೇಟ್ ಕ್ಯಾನ್ಸರ್ ಇಲ್ಲ ಅಂತ ಅರ್ಥವಲ್ಲ. "ಉಚ್ಚಿ ಚೆಕ್ ಮಾಡ್ಸೇವಿ, ಎಲ್ಲಾ ಛಲೋ ಐತಿ" ಅಂತ ಪಿಎಸ್‌ಎ ವರದಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಬಿಡುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ.

ಹಂತ 1: ಪಿಎಸ್‌ಎ ಸರಿಯಾದ ಹೊತ್ತಿನಲ್ಲಿ ಮಾಡಿಸಿ

ಪಿಎಸ್‌ಎ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ಇದು ರಕ್ತ ಪರೀಕ್ಷೆ. ಕ್ಯಾನ್ಸರ್ ಇದ್ದರೆ ಏರುತ್ತದೆ. ಆದರೆ ವಯಸ್ಸಿನಿಂದ ಗ್ರಂಥಿ ದಪ್ಪಗಾದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಬಹಳಷ್ಟು ಗೊಂದಲ ಹುಟ್ಟುವುದು ಇಲ್ಲೇ. ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ.

ಯಾರು ಮಾಡಿಸಬೇಕು? 50 ದಾಟಿದವರು ಡಾಕ್ಟರ್ ಜೊತೆ ಮಾತಾಡಿ ನಿರ್ಧರಿಸಬಹುದು. ಅಪ್ಪನಿಗೋ ಅಣ್ಣತಮ್ಮನಿಗೋ ಈ ಕ್ಯಾನ್ಸರ್ ಬಂದಿದ್ದರೆ 45ಕ್ಕೇ ಮಾತಾಡಿ, ಏಕೆಂದರೆ ನಿಮ್ಮ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ತಾಯಿಯ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ಹೇಳಿ. ಬಿಆರ್‌ಸಿಎ2 ಎಂಬ ಜೀನ್‌ನ ದೋಷ ಆ ಕ್ಯಾನ್ಸರ್‌ಗಳ ಅಪಾಯವನ್ನೂ ಪ್ರಾಸ್ಟೇಟ್ ಕ್ಯಾನ್ಸರ್‌ನ ಅಪಾಯವನ್ನೂ ಹೆಚ್ಚಿಸುತ್ತದೆ.

ರಕ್ತ ಕೊಡುವ ಮೊದಲು ಇವನ್ನು ನೋಡಿಕೊಳ್ಳಿ:

- ಉರಿಮೂತ್ರ, ಜ್ವರ, ಸೋಂಕು ಇದ್ದರೆ ಮೊದಲು ವಾಸಿ ಮಾಡಿಕೊಳ್ಳಿ. ಆಮೇಲೂ ಸುಮಾರು ಆರು ವಾರ ಕಾಯಿರಿ.
- ಮೂತ್ರ ಕಟ್ಟಿ ನಳಿಗೆ ಹಾಕಿಸಿಕೊಂಡಿದ್ದರೆ ಆ ದಿನಗಳಲ್ಲಿ ಬರುವ ಪಿಎಸ್‌ಎ ನಂಬಬೇಡಿ.
- ಎರಡು ದಿನ ಸಂಭೋಗ, ವೀರ್ಯಸ್ಖಲನ ಬೇಡ. ದೂರದ ಸೈಕಲ್ ಸವಾರಿಯೂ ಬೇಡ.
- ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತ ಚೀಟಿ ಸಮೇತ ತೋರಿಸಿ.

ಈ ಕೊನೆಯದು ಬಹಳ ಮುಖ್ಯ. ಮೂತ್ರ ಸರಾಗ ಆಗಲಿ ಅಂತ ಕೊಡುವ ಮಾತ್ರೆಗಳಲ್ಲಿ ಎರಡು ಬಗೆ. ಟ್ಯಾಮ್ಸುಲೋಸಿನ್ ಒಂದೇ ಇದ್ದರೆ ಪಿಎಸ್‌ಎ ಮೇಲೆ ಪರಿಣಾಮ ಆಗುವುದಿಲ್ಲ. ಅದರ ಜೊತೆ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಸೇರಿದ್ದರೆ ಆರು ತಿಂಗಳಿಂದ ವರ್ಷದೊಳಗೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ವರದಿಯಲ್ಲಿ 3 ಅಂತ ಇದ್ದರೆ ಅದನ್ನು 6 ಅಂತ ಓದಬೇಕು. ಲ್ಯಾಬ್‌ನವರು ಇದನ್ನು ಬರೆಯುವುದಿಲ್ಲ, ಅವರಿಗೆ ನಿಮ್ಮ ಮಾತ್ರೆ ಗೊತ್ತಿರುವುದಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿ ತಿರುಗಿಸಿ, ಸಣ್ಣಕ್ಷರದಲ್ಲಿ ಬರೆದ ಹೆಸರು ಓದಿ. ಕೂದಲು ಉದುರದಿರಲಿ ಅಂತ ತೆಗೆದುಕೊಳ್ಳುವ ಮಾತ್ರೆಯಲ್ಲೂ ಫಿನಾಸ್ಟರೈಡ್ ಇರುತ್ತದೆ.

ಲ್ಯಾಬ್‌ಗಳು ಸಾಮಾನ್ಯವಾಗಿ 4 ನ್ಯಾನೊಗ್ರಾಂ ದಾಟಿದರೆ ದಪ್ಪಕ್ಷರದಲ್ಲಿ ಮುದ್ರಿಸುತ್ತವೆ. ಆದರೆ 48 ವರ್ಷದವರಿಗೆ 3.5 ಅನ್ನುವುದು ಜಾಸ್ತಿಯೇ. 72ರ ಅಜ್ಜನಿಗೆ 5 ಬಂದರೆ ಅಷ್ಟು ಗಾಬರಿ ಬೇಕಿಲ್ಲ. 4ರಿಂದ 10ರ ನಡುವೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಒಂದು ಸಲ ಜಾಸ್ತಿ ಬಂದರೆ ನಾಲ್ಕರಿಂದ ಆರು ವಾರ ಬಿಟ್ಟು ಅದೇ ಲ್ಯಾಬ್‌ನಲ್ಲಿ ಇನ್ನೊಮ್ಮೆ ಮಾಡಿಸಿ. ಲ್ಯಾಬ್ ಬದಲಾದರೆ ಅಳೆಯುವ ಕಿಟ್ ಬದಲಾಗುತ್ತದೆ, ಹೋಲಿಕೆ ಕಷ್ಟ. ಎಷ್ಟೋ ಮಂದಿಗೆ ಎರಡನೇ ಸಲ ತಾನಾಗಿಯೇ ಇಳಿದಿರುತ್ತದೆ.

ಹಂತ 2: ಯೂರಾಲಜಿಸ್ಟ್ ಹತ್ತಿರ ಹೋಗಿ

ಮೂತ್ರಾಂಗದ ತಜ್ಞರಿಗೆ ಯೂರಾಲಜಿಸ್ಟ್ ಅನ್ನುತ್ತಾರೆ. ಮಾರ್ಕರ್ ಪರೀಕ್ಷೆ ಬೇಕೋ ಬೇಡವೋ ಅಂತ ಹೇಳಬೇಕಾದವರು ಇವರೇ. ನಮ್ಮ ಭಾಗದ ಅನುಕೂಲ ಏನೆಂದರೆ, ದೊಡ್ಡ ಆಸ್ಪತ್ರೆಗಳು ಹುಬ್ಬಳ್ಳಿ–ಧಾರವಾಡ ರಸ್ತೆಯ ಉದ್ದಕ್ಕೂ ಇವೆ. ವಿದ್ಯಾನಗರದಲ್ಲಿ ಸರ್ಕಾರಿ ಕಿಮ್ಸ್, ಅದರ ಈಗಿನ ಹೆಸರು ಕೆಎಂಸಿಆರ್‌ಐ. ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ. ಸತ್ತೂರಿನಲ್ಲಿ ಎಸ್‌ಡಿಎಂ. ಚಿಗರಿ ಬಸ್ ಹತ್ತಿದರೆ ಎಲ್ಲವೂ ಒಂದೇ ದಾರಿ. ಗದಗ ಮತ್ತು ಹಾವೇರಿಯವರು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ಅಂದರೆ ಜಿಮ್ಸ್ ಅಥವಾ ಹಿಮ್ಸ್‌ನಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಬರೆಸಿಕೊಂಡು ಬರಬಹುದು. ಯೂರಾಲಜಿ ಒಪಿಡಿ ಯಾವ ದಿನ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ವಯಸ್ಸಾದವರನ್ನು ಸುಮ್ನೆ ಎರಡು ಸಲ ಓಡಾಡಿಸಬಾರದು.

ತೆಗೆದುಕೊಂಡು ಹೋಗಬೇಕಾದ್ದು: ಹಳೆಯ ಪಿಎಸ್‌ಎ ವರದಿಗಳೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಸ್ಕ್ಯಾನಿಂಗ್ ವರದಿ, ಮಾತ್ರೆಗಳು, ಆಧಾರ್, ರೇಷನ್ ಕಾರ್ಡ್. ಮುಂದೆ ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಈ ಕಾರ್ಡುಗಳು ಬೇಕಾಗುತ್ತವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಅಲ್ಲಿ ಡಾಕ್ಟರ್ ಗ್ಲೌಸ್ ಹಾಕಿಕೊಂಡು ಗುದದ್ವಾರದಲ್ಲಿ ಒಂದು ಬೆರಳು ಹಾಕಿ ಪ್ರಾಸ್ಟೇಟ್ ಮುಟ್ಟಿ ನೋಡುತ್ತಾರೆ. ಒಂದು ನಿಮಿಷವೂ ಬೇಕಾಗುವುದಿಲ್ಲ. ನಮ್ಮ ಹಿರಿಯರು ಹಿಂಜರಿಯುವುದು ಇದಕ್ಕೇ. ಮಗನ ಮುಂದೆ, ಸೊಸೆಯ ಮುಂದೆ ಈ ಮಾತೇ ಬೇಡ ಅನ್ನಿಸುತ್ತದೆ, ಸಹಜ. ಮುಂಚೆಯೇ ಒಬ್ಬರೇ ಇದ್ದಾಗ ಹೇಳಿಬಿಡಿ: "ಹಿಂಗ ನೋಡ್ತಾರ್ರೀ ಅಪ್ಪಾರ, ನೋವು ಆಗಂಗಿಲ್ಲ." ಗಟ್ಟಿ ಗಂಟು ಬೆರಳಿಗೆ ಸಿಕ್ಕರೆ, ಅಥವಾ ಪಿಎಸ್‌ಎ ಬಹಳ ಮೇಲೆ, 20, 50, 100 ಅಂತ ಬಂದಿದ್ದರೆ ಮಾರ್ಕರ್ ಪರೀಕ್ಷೆಯ ಮಾತೇ ಬೇಡ. ನೇರ ಎಂಆರ್‌ಐ, ಬಯಾಪ್ಸಿ ಕಡೆ ಹೋಗಬೇಕು. ಅಂಥವರು ಮೂತ್ರ ಪರೀಕ್ಷೆಗೆ ಕಾಯುತ್ತಾ ಕೂತರೆ ತಿಂಗಳುಗಳು ಹಾಳಾಗುತ್ತವೆ.

ಹಂತ 3: ಸ್ಕ್ಯಾನಿಂಗ್ ವರದಿಯಲ್ಲಿ ಒಂದು ಸಂಖ್ಯೆ ಹುಡುಕಿ

ಹೊಟ್ಟೆಯ ಅಲ್ಟ್ರಾಸೌಂಡ್ ವರದಿಯಲ್ಲಿ ಪ್ರಾಸ್ಟೇಟ್ ಗಾತ್ರ ಸಿಸಿ ಲೆಕ್ಕದಲ್ಲಿ ಇರುತ್ತದೆ. ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿ. ಇದಕ್ಕೆ ಪಿಎಸ್‌ಎ ಡೆನ್ಸಿಟಿ ಅನ್ನುತ್ತಾರೆ.

ಪಿಎಸ್‌ಎ 6.2, ಗ್ರಂಥಿ 62 ಸಿಸಿ: 0.10 ಬಂತು. ಗ್ರಂಥಿ ದೊಡ್ಡದಿದೆ, ಅಷ್ಟು ಪಿಎಸ್‌ಎ ತಯಾರಿಸುವುದು ಸಹಜ.
ಅದೇ ಪಿಎಸ್‌ಎ 6.2, ಗ್ರಂಥಿ 31 ಸಿಸಿ: 0.20 ಬಂತು. ಇಷ್ಟು ಸಣ್ಣ ಗ್ರಂಥಿಗೆ ಇದು ಜಾಸ್ತಿ. ಮುಂದಿನ ತನಿಖೆ ಬೇಕು.

0.15 ಅನ್ನುವುದು ಸಾಮಾನ್ಯವಾಗಿ ಬಳಸುವ ಗೆರೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಇಷ್ಟು ಸುಲಭದ ಲೆಕ್ಕವನ್ನು ಬಿಟ್ಟು ದುಬಾರಿ ಪರೀಕ್ಷೆಗೆ ಓಡುವುದು ನನಗೆ ಸರಿ ಕಾಣುವುದಿಲ್ಲ. 'ಫ್ರೀ ಪಿಎಸ್‌ಎ' ಎಂಬ ರಕ್ತ ಪರೀಕ್ಷೆಯೂ ಸಹಾಯಕ್ಕೆ ಬರುತ್ತದೆ. ಒಟ್ಟು ಪಿಎಸ್‌ಎಯಲ್ಲಿ ಅದರ ಪಾಲು ಶೇ 25ಕ್ಕಿಂತ ಜಾಸ್ತಿ ಇದ್ದರೆ ಅಪಾಯ ಕಡಿಮೆ, ಶೇ 10ಕ್ಕಿಂತ ಕಡಿಮೆ ಇದ್ದರೆ ಅಪಾಯ ಜಾಸ್ತಿ.

ಎಚ್ಚರ: ಸ್ಕ್ಯಾನಿಂಗ್ ವರದಿಯಲ್ಲಿ 'ಗ್ರೇಡ್ 2 ಪ್ರೋಸ್ಟಟೋಮೆಗಲಿ' ಅಂತ ಬರೆದಿರುತ್ತಾರೆ. ಅದು ಗ್ರಂಥಿ ಎಷ್ಟು ದಪ್ಪಗಾಗಿದೆ ಅನ್ನುವ ಅಳತೆ ಅಷ್ಟೇ. ಕ್ಯಾನ್ಸರ್‌ನ ಎರಡನೇ ಹಂತ ಅಂದುಕೊಂಡು ಊಟ ಬಿಟ್ಟವರಿದ್ದಾರೆ. ಕ್ಯಾನ್ಸರ್‌ನ ಗ್ರೇಡ್ ತಿಳಿಯುವುದು ಬಯಾಪ್ಸಿ ವರದಿಯಲ್ಲಿ ಮಾತ್ರ.

ಹಂತ 4: ಎಂಆರ್‌ಐ ಮೊದಲೋ, ಮಾರ್ಕರ್ ಮೊದಲೋ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ನಮ್ಮ ಕಡೆಯವರಿಗೆ ಹೆಚ್ಚಿನ ಸಂದರ್ಭದಲ್ಲಿ ಎಂಆರ್‌ಐ ಮೊದಲು. ಬಯಾಪ್ಸಿಗೆ ಮುಂಚೆ ಎಂಆರ್‌ಐ ಮಾಡಿದರೆ ಬೇಡದ ಬಯಾಪ್ಸಿ ಕಡಿಮೆಯಾಗುತ್ತವೆ, ಅಪಾಯಕಾರಿ ಕ್ಯಾನ್ಸರ್ ಹೆಚ್ಚು ಸಿಗುತ್ತದೆ ಅಂತ 2017 ಮತ್ತು 2018ರಲ್ಲಿ ಬಂದ ದೊಡ್ಡ ಅಧ್ಯಯನಗಳು ತೋರಿಸಿವೆ. ಎಂಆರ್‌ಐ ಹುಬ್ಬಳ್ಳಿಯಲ್ಲೇ ಆಗುತ್ತದೆ, ಮತ್ತು ಗಂಟು ಎಲ್ಲಿದೆ ಅಂತ ಜಾಗವನ್ನೂ ತೋರಿಸುತ್ತದೆ. ಮೂತ್ರದ ಮಾರ್ಕರ್ ಜಾಗ ತೋರಿಸುವುದಿಲ್ಲ.

ಎಂಆರ್‌ಐ ವರದಿಯ ಕೊನೆಗೆ ಪೈ-ರಾಡ್ಸ್ ಅಂತ 1ರಿಂದ 5ರವರೆಗೆ ಒಂದು ಅಂಕ ಇರುತ್ತದೆ. 1, 2 ಅಂದರೆ ಅನುಮಾನ ಕಡಿಮೆ. 4, 5 ಅಂದರೆ ಬಯಾಪ್ಸಿ ಬೇಕು. 3 ಅಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ.

ಮಾರ್ಕರ್ ಪರೀಕ್ಷೆಗೆ ನಿಜವಾದ ಜಾಗ ಇರುವುದು ಇಂಥ ಕಡೆ: ಪೈ-ರಾಡ್ಸ್ 3 ಬಂದವರಿಗೆ, ಒಮ್ಮೆ ಬಯಾಪ್ಸಿ ಮಾಡಿ ಏನೂ ಸಿಗದಿದ್ದರೂ ಪಿಎಸ್‌ಎ ಏರುತ್ತಲೇ ಇರುವವರಿಗೆ, ಮತ್ತು ಪೇಸ್‌ಮೇಕರ್ ಅಥವಾ ಬೇರೆ ಕಾರಣದಿಂದ ಎಂಆರ್‌ಐ ಮಾಡಿಸಲು ಆಗದವರಿಗೆ.

ಹಂತ 5: ಯಾವ ಮಾರ್ಕರ್ ಅಂತ ಕೇಳಿ ತಿಳಿಯಿರಿ

"ಯೂರಿನ್ ಕ್ಯಾನ್ಸರ್ ಟೆಸ್ಟ್" ಅಂತ ಯಾರಾದರೂ ಹೇಳಿದರೆ ಮೊದಲು ಹೆಸರು ಕೇಳಿ. ತಿಳಿದಿರಬೇಕಾದ ಮುಖ್ಯ ಹೆಸರುಗಳು ಇಷ್ಟು.

ಪಿಸಿಎ3: ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ವಿಪರೀತ ತಯಾರಾಗುವ ಒಂದು ಆರ್‌ಎನ್‌ಎ. ಇದನ್ನು ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಕ್ಕಿದ್ದು 50 ದಾಟಿದ, ಮೊದಲ ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗದವರಿಗೆ, ಎರಡನೆಯದು ಬೇಕಾ ಅಂತ ನಿರ್ಧರಿಸಲು. ಅಂಕ 25ಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಸಿಗುವ ಸಾಧ್ಯತೆ ಕಡಿಮೆ. ಗ್ರಂಥಿ ದೊಡ್ಡದಿದ್ದರೆ ಪಿಎಸ್‌ಎ ಏರುವ ಹಾಗೆ ಇದು ಏರುವುದಿಲ್ಲ, ಅದು ಇದರ ಗುಣ. ಕ್ಯಾನ್ಸರ್ ಎಷ್ಟು ಅಪಾಯಕಾರಿ ಅಂತ ಸರಿಯಾಗಿ ಹೇಳುವುದಿಲ್ಲ, ಅದು ಕೊರತೆ.

ಟಿಎಂಪಿಆರ್‌ಎಸ್‌ಎಸ್2–ಇಆರ್‌ಜಿ: ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಳ್ಳುವುದು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅರುಳ್ ಚಿನ್ನಯ್ಯನ್ ಅವರ ತಂಡ ಇದನ್ನು 2005ರಲ್ಲಿ ಪತ್ತೆ ಮಾಡಿತು. ಯುರೋಪ್ ಮೂಲದವರ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಇರುತ್ತದೆ. ಏಷ್ಯಾದವರಲ್ಲಿ ಈ ಪ್ರಮಾಣ ಕಡಿಮೆ. ಹಾಗಾಗಿ ಇದೊಂದನ್ನೇ ನೋಡಿ ಧೈರ್ಯ ತಂದುಕೊಳ್ಳಬಾರದು. ಪಿಸಿಎ3 ಮತ್ತು ರಕ್ತದ ಪಿಎಸ್‌ಎ ಜೊತೆ ಇದನ್ನು ಸೇರಿಸಿದ ಪರೀಕ್ಷೆಯೇ ಮೈಪ್ರಾಸ್ಟೇಟ್‌ಸ್ಕೋರ್. 2024ರಲ್ಲಿ 18 ಜೀನ್‌ಗಳ ಹೊಸ ರೂಪದ ಫಲಿತಾಂಶ ಪ್ರಕಟವಾಯಿತು.

ಸೆಲೆಕ್ಟ್‌ಎಂಡಿಎಕ್ಸ್: ಹೆಚ್‌ಒಎಕ್ಸ್‌ಸಿ6, ಡಿಎಲ್‌ಎಕ್ಸ್1 ಎಂಬ ಎರಡು ಜೀನ್‌ಗಳನ್ನು ಅಳೆಯುತ್ತದೆ. ಅಪಾಯಕಾರಿ ಬಗೆಯ ಕ್ಯಾನ್ಸರ್ ಮೇಲೆ ಇದರ ಗಮನ.

ಎಕ್ಸೋಡಿಎಕ್ಸ್: ಕೋಶಗಳು ಹೊರಗೆ ಬಿಡುವ ಎಕ್ಸೋಸೋಮ್ ಎಂಬ ಅತಿ ಸಣ್ಣ ಗುಳ್ಳೆಗಳಲ್ಲಿ ಆರ್‌ಎನ್‌ಎ ಹುಡುಕುತ್ತದೆ. ಇದಕ್ಕೆ ಬೆರಳಿನ ಪರೀಕ್ಷೆ ಬೇಕಿಲ್ಲ. 50 ದಾಟಿದ, ಪಿಎಸ್‌ಎ 2ರಿಂದ 10ರ ನಡುವೆ ಇರುವವರಿಗೆ. 15.6 ಅಂಕ ಇದರ ಗೆರೆ.

ಇವು ಯಾವುವೂ ನಮ್ಮ ಊರಿನ ಲ್ಯಾಬ್‌ಗಳಲ್ಲಿ ದಿನನಿತ್ಯ ಮಾಡುವ ಪರೀಕ್ಷೆಗಳಲ್ಲ. ಮಾದರಿ ಎಲ್ಲಿಗೆ ಹೋಗುತ್ತದೆ, ಎಷ್ಟು ಖರ್ಚು, ವರದಿ ಯಾವಾಗ, ಮಾದರಿ ಕೆಟ್ಟರೆ ಮತ್ತೆ ದುಡ್ಡು ಕೊಡಬೇಕಾ ಅಂತ ಮೊದಲೇ ಕೇಳಿಕೊಳ್ಳಿ. ಒಂದು ಹನಿ ಮೂತ್ರದಲ್ಲಿ ಎಲ್ಲ ಕ್ಯಾನ್ಸರ್ ಹೇಳುತ್ತೇವೆ, ಮನೆಯಲ್ಲೇ ಪಟ್ಟಿ ಅದ್ದಿ ನೋಡಿ ಅನ್ನುವ ವಾಟ್ಸಾಪ್ ಜಾಹೀರಾತಿಗೆ ದುಡ್ಡು ಕಳಿಸಬೇಡಿ.

ಹಂತ 6: ಮಾದರಿ ಕೊಡುವಾಗ

ಹೆಚ್ಚಿನ ಪರೀಕ್ಷೆ ಕೆಡುವುದು ಈ ಹಂತದಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಯೂರಿನ್ ಕಲ್ಚರ್‌ಗೆ ಮಾದರಿ ಕೊಟ್ಟು ರೂಢಿ ಇದ್ದವರಿಗೆ ಗೊತ್ತು: ಮೊದಲ ಧಾರೆ ಬಿಟ್ಟು, ನಡುವಿನ ಧಾರೆ ಹಿಡಿಯಬೇಕು. ಮಾರ್ಕರ್ ಪರೀಕ್ಷೆಗೆ ಇದು ಪೂರ್ತಿ ಉಲ್ಟಾ. ಮೊದಲ ಧಾರೆಯೇ ಬೇಕು. ಪ್ರಾಸ್ಟೇಟ್‌ನಿಂದ ಬಂದ ಕೋಶಗಳು ಮೂತ್ರನಾಳದಲ್ಲಿ ಕೂತಿರುತ್ತವೆ, ಮೊದಲ 20–30 ಎಂಎಲ್ ಅವನ್ನು ತೊಳೆದುಕೊಂಡು ಬರುತ್ತದೆ. ರೂಢಿಯಂತೆ ಅದನ್ನು ಕಮೋಡಿಗೆ ಬಿಟ್ಟರೆ ಬೇಕಾದದ್ದೇ ಹೋಯಿತು. ಅಪ್ಪನ ಜೊತೆ ಹೋದವರು ಬಾಟಲಿ ಕೈಗೆ ಕೊಡುವಾಗ ಇದನ್ನು ಇನ್ನೊಮ್ಮೆ ನೆನಪಿಸಿ.

ಪಿಸಿಎ3, ಸೆಲೆಕ್ಟ್‌ಎಂಡಿಎಕ್ಸ್‌ನಂಥ ಪರೀಕ್ಷೆಗೆ ಡಾಕ್ಟರ್ ಮೊದಲು ಬೆರಳಿನಿಂದ ಪ್ರಾಸ್ಟೇಟ್‌ನ ಎರಡೂ ಬದಿ ಒತ್ತಿ ಸವರುತ್ತಾರೆ, ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು ಸಲ. ಆದ ಕೂಡಲೇ ಮೂತ್ರ ಕೊಡಬೇಕು. ಆದ್ದರಿಂದ ಒಳಗೆ ಹೋಗುವ ಮೊದಲು ಮೂತ್ರ ಮಾಡಿಬರಬೇಡಿ. ಸರದಿ ತಡವಾಗಿ ತಡೆಯಲು ಆಗದಿದ್ದರೆ ಸಿಬ್ಬಂದಿಗೆ ಹೇಳಿ. ತಂಬಿಗೆಗಟ್ಟಲೆ ನೀರು ಕುಡಿದು ಹೋಗುವುದೂ ಬೇಡ, ಮಾದರಿ ನೀರಾಗುತ್ತದೆ.

ಆಮೇಲೆ ಸಮಯ ಮತ್ತು ಬಿಸಿ. ಮೂತ್ರದಲ್ಲಿ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ಪಿಸಿಎ3ಗೆ ಮಾದರಿಯನ್ನು ತಣ್ಣಗಿಟ್ಟು ನಾಲ್ಕು ಗಂಟೆಯೊಳಗೆ, ಆರ್‌ಎನ್‌ಎ ಉಳಿಸುವ ದ್ರಾವಣ ಇರುವ ಟ್ಯೂಬಿಗೆ ಹಾಕಬೇಕು. ಅಂದರೆ ಹಾನಗಲ್‌ನಲ್ಲೋ ರೋಣದಲ್ಲೋ ಮನೆಯಲ್ಲಿ ಬಾಟಲಿ ತುಂಬಿಸಿ, ಕೈಚೀಲದಲ್ಲಿಟ್ಟುಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಬಸ್ ಹತ್ತಿ ಹುಬ್ಬಳ್ಳಿಗೆ ತಂದರೆ ಪ್ರಯೋಜನ ಇಲ್ಲ. ಆಸ್ಪತ್ರೆಯಲ್ಲೇ ಕೊಡಿ. ನಿಮ್ಮ ಕಣ್ಣೆದುರೇ ಟ್ಯೂಬ್ ಮೇಲೆ ಹೆಸರು, ವಯಸ್ಸು, ಸಮಯ ಬರೆಸಿ.

ಸೋಂಕು ಇದ್ದಾಗ, ನಳಿಗೆ ಇದ್ದಾಗ, ಬಯಾಪ್ಸಿ ಆಗಿ ಕೆಲವೇ ದಿನಗಳಾಗಿದ್ದಾಗ ಈ ಪರೀಕ್ಷೆ ಬೇಡ.

ಹಂತ 7: ವರದಿ ಓದುವುದು

ಅಂಕ ಗೆರೆಗಿಂತ ಕೆಳಗಿದ್ದರೆ ಅಪಾಯಕಾರಿ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ ಅಂತ ಅರ್ಥ. ಶೂನ್ಯ ಅಂತ ಅಲ್ಲ. ಪಿಎಸ್‌ಎ ನೋಡುತ್ತಿರಬೇಕು. ಎಷ್ಟು ತಿಂಗಳಿಗೊಮ್ಮೆ ಅಂತ ಡಾಕ್ಟರ್ ಕೈಯಲ್ಲಿ ಬರೆಸಿಕೊಂಡೇ ಹೊರಬನ್ನಿ. "ಕಡಿಮೆ ಬಂತು, ಮುಗೀತು" ಅಂತ ಮೂರು ವರ್ಷ ಆ ಕಡೆ ತಲೆ ಹಾಕದೇ ಇರುವುದು ದೊಡ್ಡ ತಪ್ಪು. ಈ ಪರೀಕ್ಷೆಗಳನ್ನು ಬಹುಪಾಲು ಅಮೆರಿಕ, ಯುರೋಪಿನ ಗಂಡಸರ ಮೇಲೆ ಪರೀಕ್ಷಿಸಿದ್ದು ಅನ್ನುವುದೂ ನೆನಪಿರಲಿ.

ಅಂಕ ಮೇಲಿದ್ದರೆ ಕ್ಯಾನ್ಸರ್ ಇದೆ ಅಂತಲ್ಲ, ಬಯಾಪ್ಸಿ ಮುಂದೂಡಬೇಡಿ ಅಂತ. ಬರೀ ಮಾರ್ಕರ್ ವರದಿ ನೋಡಿ ಯಾರೂ ಆಪರೇಷನ್ ಅಥವಾ ಕ್ಯಾನ್ಸರ್ ಔಷಧಿ ಶುರು ಮಾಡುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ.

ಹಂತ 8: ಬಯಾಪ್ಸಿ ಬೇಕು ಅಂದರೆ

ಜಾಗ ಮರಗಟ್ಟಿಸಿ, ಸಣ್ಣ ಸೂಜಿಯಿಂದ ಗ್ರಂಥಿಯ ಸುಮಾರು 12 ಕಡೆಯಿಂದ ಎಳೆಯಷ್ಟು ತುಣುಕು ತೆಗೆಯುತ್ತಾರೆ. ಎಂಆರ್‌ಐಯಲ್ಲಿ ಕಂಡ ಗಂಟಿನಿಂದ ಬೇರೆಯಾಗಿ ತೆಗೆಯುತ್ತಾರೆ. ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ನಿಲ್ಲಿಸಬೇಕೋ ಬೇಡವೋ ಅಂತ ಡಾಕ್ಟರ್ ಹೇಳಲಿ, ನೀವಾಗಿಯೇ ನಿಲ್ಲಿಸಬೇಡಿ. ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣುವುದು ಸಾಮಾನ್ಯ. ಚಳಿ ಜ್ವರ ಬಂದರೆ ಮಾತ್ರ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ.

"ಸೂಜಿ ಚುಚ್ಚಿದ್ರ ಕ್ಯಾನ್ಸರ್ ಹಬ್ಬತೈತಿ" ಅನ್ನುವ ಮಾತು ಪ್ರತಿ ಊರಲ್ಲೂ ಇದೆ. ಪ್ರಾಸ್ಟೇಟ್ ಬಯಾಪ್ಸಿಯ ವಿಷಯದಲ್ಲಿ ಆ ಭಯಕ್ಕೆ ಆಧಾರವಿಲ್ಲ. ಬಯಾಪ್ಸಿ ತಪ್ಪಿಸಿದ್ದರಿಂದ ಕಾಯಿಲೆ ಎಲುಬಿಗೆ ಹರಡಿದ ಮೇಲೆ ಬರುವವರು ನಮ್ಮ ದೇಶದಲ್ಲಿ ಬಹಳ ಇದ್ದಾರೆ, ಹೊಟ್ಟೆ ಉರಿಯುವುದು ಅದಕ್ಕೆ.

ಬಯಾಪ್ಸಿ ವರದಿಯಲ್ಲಿ ಗ್ರೇಡ್ ಗ್ರೂಪ್ 1ರಿಂದ 5ರವರೆಗೆ ಇರುತ್ತದೆ, 1 ಅಂದರೆ ಎಲ್ಲಕ್ಕಿಂತ ಸೌಮ್ಯ, 5 ಅಂದರೆ ಎಲ್ಲಕ್ಕಿಂತ ಉಗ್ರ. ಗ್ರೂಪ್ 1 ಬಂದವರಲ್ಲಿ ಬಹಳ ಮಂದಿಗೆ ತಕ್ಷಣ ಆಪರೇಷನ್ ಬೇಕಾಗುವುದಿಲ್ಲ. ನಿಯಮಿತವಾಗಿ ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಬಯಾಪ್ಸಿ ಮಾಡುತ್ತಾ ಕಾಯಿಲೆಯ ಮೇಲೆ ಕಣ್ಣಿಡುತ್ತಾರೆ. ಇದಕ್ಕೆ ಆಕ್ಟಿವ್ ಸರ್ವೈಲೆನ್ಸ್ ಅನ್ನುತ್ತಾರೆ. ನಿಮ್ಮ ಡಾಕ್ಟರ್ ಆಪರೇಷನ್ ಅಂದರೆ "ಇವರಿಗೆ ಕಾಯುವ ದಾರಿ ಇದೆಯಾ ಸರ್?" ಅಂತ ಧೈರ್ಯವಾಗಿ ಕೇಳಿ.

ಈ ಹಂತಗಳಿಗೆಲ್ಲ ಕಾಯದೆ ಹೋಗಬೇಕಾದ ಸಂದರ್ಭಗಳು

ಶುರುವಿನ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಲಕ್ಷಣವೇ ಇರುವುದಿಲ್ಲ. ಆದರೆ ಮೂತ್ರ ಪೂರ್ತಿ ಕಟ್ಟಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ಕಣ್ಣಿಗೆ ಕಾಣುವ ರಕ್ತ ಒಂದೇ ಸಲ ಬಂದು ನಿಂತರೂ ತೋರಿಸಿ, ಅದು ಮೂತ್ರಚೀಲದ ಕ್ಯಾನ್ಸರ್‌ನ ಸುಳಿವೂ ಆಗಿರಬಹುದು, ವಿಶೇಷವಾಗಿ ಬೀಡಿ ಸಿಗರೇಟ್ ಸೇದುವವರಲ್ಲಿ. ಪಿಎಸ್‌ಎ ಜಾಸ್ತಿ ಇದ್ದು ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಅದು ಬೆನ್ನುಹುರಿಗೆ ಒತ್ತಡ ಬಿದ್ದಿರುವ ಲಕ್ಷಣ ಇರಬಹುದು. ಎಣ್ಣೆ ತಿಕ್ಕಿಸುತ್ತಾ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಂದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಪಿಎಸ್‌ಎ ವರದಿ ಜೊತೆಗಿರಲಿ.